ತಿಮಿಂಗಿಲದ ಎರಡು ಹಲ್ಲುಗಳು

ಕಳೆದ ತಿಂಗಳು ಉಡುಪಿ ಕಡೆಯ ಒಬ್ಬ ಹುಡುಗಿ ದೋಹಾದ ಐನ್ ಖಾಲಿದ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಕಲಾಶಾಲೆಯಲ್ಲಿ ಓದಿ, ಇಲ್ಲಿ ಒಂದು ಕೆತ್ತನೆ ವರ್ಕ್‌ಶಾಪಿಗೆ ಹೊಸದಾಗಿ ಸೇರಿದವಳು. ನನ್ನ ಮಗಳಿಗೆ ಪರಿಚಯ. ಚಹ ಮುಗಿಯುವ ಮೊದಲೇ ಕೇಳಿದಳು: "ಅಂಕಲ್, ಎಲುಬು ಯಾವುದು, ದಂತ ಯಾವುದು, ಪ್ಲಾಸ್ಟಿಕ್ ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗ್ತದಾ?"

"ಗೊತ್ತಾಗ್ತದೆ" ಎಂದೆ. ಚಹದ ಲೋಟ ಕೆಳಗಿಟ್ಟು "ಇಲ್ಲ, ಗೊತ್ತಾಗೂದಿಲ್ಲ" ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಇಪ್ಪತ್ತೇಳು ವರ್ಷ ಈ ಊರಿನಲ್ಲಿ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಒಂದು ನೇರ ಪ್ರಶ್ನೆಗೆ ನೇರ ಉತ್ತರ ಕೊಡಲಾಗಲಿಲ್ಲ. ಅವಳು ಹೋದ ಮೇಲೆ, ಈ ಕೆಲಸ ನಿಜವಾಗಿ ಹೇಗಿತ್ತು ಎಂದು ಬರೆದಿಡೋಣ ಅನಿಸಿತು. ಸಂಬಳ ಯಾವಾಗ ಏರಿತು, ಹುದ್ದೆ ಯಾವಾಗ ಬದಲಾಯಿತು ಎಂಬುದು ಯಾರಿಗೂ ಬೇಡದ ಸಂಗತಿ. ನಾನು ಎಲ್ಲೆಲ್ಲಿ ತಪ್ಪಿದೆ ಎಂದು ಹೇಳಿದರೆ ಹೊಸಬರಿಗೆ ಉಪಯೋಗವಾದೀತು.

ನಾವು ಕುಮಟಾ ಕಡೆಯ ಗುಡಿಗಾರರು. ನಮ್ಮ ಮನೆಯಲ್ಲಿ ಗಂಧದ ಕೆತ್ತನೆ ಇತ್ತು, ಅದಕ್ಕೂ ಮೊದಲು ದಂತವೂ ಇತ್ತಂತೆ. ನನ್ನ ಕೈಗೆ ಉಳಿ ಬರುವ ಹೊತ್ತಿಗೆ ದಂತದ ಕೆಲಸ ಕಾನೂನಿನಿಂದ ನಿಂತಿತ್ತು. ದೊಡ್ಡಪ್ಪ ದಂತದ ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು. ಆಮೇಲೆ ಗಂಧವೂ ಸಿಗುವುದು ಕಷ್ಟವಾಯಿತು. ಆಗ ದೋಹಾದಲ್ಲಿ ಕೆತ್ತನೆ ಬಲ್ಲವರು ಬೇಕು ಎಂದು ಯಾರೋ ಹೇಳಿದರು, ಬಂದೆ. ಏನನ್ನು ಕೆತ್ತಬೇಕು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ವರ್ಕ್‌ಶಾಪ್ ದೋಹಾ ಅಲ್ ಜದೀದಾದ ಒಂದು ಗಲ್ಲಿಯಲ್ಲಿತ್ತು. ಮೇಲುಸ್ತುವಾರಿ ಹಸನಬ್ಬ ಅವರದು. ಬಂಟ್ವಾಳದ ಬ್ಯಾರಿ, ನನಗಿಂತ ಹನ್ನೆರಡು ವರ್ಷ ದೊಡ್ಡವರು; ನಾವೆಲ್ಲ ಹಸನಾಕ ಎಂದೇ ಕರೆಯುತ್ತಿದ್ದೆವು. ಮೊದಲ ದಿನ ಬೆಳಿಗ್ಗೆ ಅವರು ನನ್ನ ಮುಂದೆ ಒಂದು ಗೋಣಿಚೀಲ ಸುರಿದರು. ಒಂಟೆಯ ಕಾಲಿನ ಎಲುಬುಗಳು. ಅಬು ಹಮೂರ್ ಮಾರ್ಕೆಟ್ಟಿನ ಕಟುಕರಿಂದ ತಂದದ್ದು, ಇನ್ನೂ ಅಲ್ಲಲ್ಲಿ ಮಾಂಸ ಅಂಟಿಕೊಂಡಿತ್ತು.

"ಇದೆಂತ ಹಸನಾಕ?"

"ನಿನ್ನ ಗಂಧದ ಕೊರಡು ಮಾರಾಯ. ಯಲ್ಲಾ, ಗರಗಸ ಹಿಡಿ."

ಮನೆಯಲ್ಲಿ ಮೀನು ತಿನ್ನುವವರೇ ನಾವು. ಆದರೂ ಅಷ್ಟು ದೊಡ್ಡ ಪ್ರಾಣಿಯ ಕಾಲನ್ನು ಕೊಯ್ದು ಒಳಗಿನ ನೆಣ ತೆಗೆಯುವಾಗ ಎರಡು ಸಲ ಎದ್ದು ಹೋಗಿ ಕೈ ತೊಳೆದು ಬಂದೆ. ವಾರಕ್ಕೊಮ್ಮೆ ಫೋನ್ ಮಾಡಿದಾಗ ಅಮ್ಮ ಕೇಳುತ್ತಿದ್ದರು: "ಎಂಥದು ಕೆತ್ತೂದು ಅಲ್ಲಿ?" ನಾನು "ಬಿಳೀ ಕಲ್ಲು" ಎನ್ನುತ್ತಿದ್ದೆ. ಅಮ್ಮ ತೀರಿಕೊಳ್ಳುವವರೆಗೂ ಅದನ್ನೇ ಹೇಳಿದೆ. ಅದು ಸುಳ್ಳೋ, ಅವರ ನೆಮ್ಮದಿಗಾಗಿ ಆಡಿದ ಮಾತೋ, ಈಗಲೂ ತೀರ್ಮಾನವಾಗಿಲ್ಲ.

ಎಲುಬಿನ ಕೆಲಸದಲ್ಲಿ ಕೆತ್ತನೆ ಕೊನೆಯದು. ಎರಡೂ ತುದಿ ಕೊಯ್ದು, ನೆಣ ತೆಗೆದು, ದಿನಗಟ್ಟಲೆ ನೀರಲ್ಲಿ ನೆನೆಹಾಕಿ, ಸೋಡಾ ಹಾಕಿ ಕುದಿಸಬೇಕು. ಕಡಿಮೆ ಕುದಿಸಿದರೆ ಜಿಡ್ಡು ಉಳಿದು ಆರು ತಿಂಗಳಲ್ಲಿ ಹಳದಿ ಕಲೆ ಏಳುತ್ತದೆ. ಹೆಚ್ಚು ಕುದಿಸಿದರೆ ಸೀಮೆಸುಣ್ಣದಂತೆ ಪುಡಿಪುಡಿಯಾಗುತ್ತದೆ. ಎಷ್ಟು ಹೊತ್ತು ಎಂದು ಕೇಳಿದರೆ ಹಸನಾಕ "ಅದು ಹೇಳ್ತದೆ" ಎನ್ನುತ್ತಿದ್ದರು. ನನಗೆ ಅದು ಯಾವತ್ತೂ ಏನೂ ಹೇಳಲಿಲ್ಲ. ಮೊದಲ ಬೇಸಿಗೆಯಲ್ಲೇ ದೊಡ್ಡ ತಪ್ಪು ಮಾಡಿದೆ. ಬೇಗ ಒಣಗಲಿ ಎಂದು ಒಂದಿಡೀ ಕಂತನ್ನು ತಾರಸಿಯ ಬಿಸಿಲಿಗೆ ಹಾಕಿದೆ. ಊರಲ್ಲಿ ಹಪ್ಪಳ ಒಣಹಾಕಿದ ಅಭ್ಯಾಸ. ಮಧ್ಯಾಹ್ನ ಹೋಗಿ ನೋಡುವಾಗ ಎಲ್ಲವೂ ಉದ್ದುದ್ದಕ್ಕೆ ಸೀಳಿದ್ದವು. ಹಸನಾಕ ಬೈಯಲಿಲ್ಲ. ಒಂದು ಸೀಳನ್ನು ಕೈಗೆತ್ತಿಕೊಂಡು, "ಇದು ಹಲ್ಲುಕಡ್ಡಿಗೆ ಆದೀತು" ಎಂದರು. ಎಲುಬನ್ನು ನೆರಳಲ್ಲಿ, ನಿಧಾನವಾಗಿ ಒಣಗಿಸಬೇಕು. ಇದೊಂದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ.

ಮೊದಮೊದಲು ಜಪಮಣಿ, ಕಠಾರಿಯ ಹಿಡಿ, ಕಾಗದ ಕೊಯ್ಯುವ ಚೂರಿ ಮಾಡುತ್ತಿದ್ದೆವು. ಆಮೇಲೆ ಕಂಪನಿಗಳವರು ಅತಿಥಿಗಳಿಗೆ ಉಡುಗೊರೆಯಾಗಿ ಕೊಡಲು ಬೇರೆ ಒಂದು ಕೆಲಸ ಕೇಳತೊಡಗಿದರು. ನುಣುಪು ಮಾಡಿದ ಎಲುಬಿನ ಮೇಲೆ ಸೂಜಿಯಿಂದ ಕೂದಲೆಳೆಯಂಥ ಗೆರೆ ಗೀರಿ, ಕಪ್ಪು ಶಾಯಿ ತಿಕ್ಕಿ, ಒರೆಸಿಬಿಡುವುದು. ಗೀರಿದಲ್ಲಿ ಶಾಯಿ ನಿಲ್ಲುತ್ತದೆ, ಉಳಿದಲ್ಲಿ ಅಳಿಸಿಹೋಗುತ್ತದೆ, ಚಿತ್ರ ಮೂಡುತ್ತದೆ. ಹಿಂದೆ ತಿಮಿಂಗಿಲ ಬೇಟೆಗೆ ಹೋಗುತ್ತಿದ್ದ ಬಿಳಿಯ ನಾವಿಕರು ಹಲ್ಲುಗಳ ಮೇಲೆ ಹೀಗೆ ಗೀರುತ್ತಿದ್ದರಂತೆ. ಇದಕ್ಕೆ ಸ್ಕ್ರಿಮ್‌ಶಾ ಎನ್ನುತ್ತಾರೆ. ಹಸನಾಕನ ಬಾಯಲ್ಲಿ ಅದು ಶ್ರೀಂಶಾ ಆಯಿತು. ನಮಗೆ ಕಡೆಯವರೆಗೂ ಶ್ರೀಂಶಾವೇ.

ಉಳಿ ಹಿಡಿದ ಕೈಗೆ ಸೂಜಿ ಒಗ್ಗಲು ಎರಡು ವರ್ಷ ಹಿಡಿಯಿತು. ಗಂಧದಲ್ಲಿ ತಪ್ಪಿದರೆ ಇನ್ನಷ್ಟು ಆಳಕ್ಕೆ ಕೆತ್ತಿ ಮುಚ್ಚಬಹುದು. ಇಲ್ಲಿ ಒಂದು ಗೀರು ತಪ್ಪಿದರೆ ಅದು ಅಲ್ಲೇ ಇರುತ್ತದೆ.

ಇಷ್ಟು ಕಲಿತು ಧೈರ್ಯ ಬಂದ ಮೇಲೆ ಹಾಯಿಹಡಗಿನ ಚಿತ್ರವಿರುವ ನಲವತ್ತು ತುಂಡುಗಳ ಒಂದು ಆರ್ಡರ್ ಪೂರ್ತಿ ನನ್ನ ಕೈಗೇ ಬಂತು. ಹಾಯಿ ಗಾಳಿಯಿಂದ ಮುಂದಕ್ಕೆ ಉಬ್ಬಿತ್ತು, ಬಾವುಟ ಹಿಂದಕ್ಕೆ ಹಾರುತ್ತಿತ್ತು. ನನಗೇ ಮೆಚ್ಚಿಗೆಯಾಗಿತ್ತು. ಆ ದಿನ ಅಂಗಡಿಗೆ ಜಪಮಣಿ ಪೋಣಿಸಿಕೊಳ್ಳಲು ಒಬ್ಬ ಕತಾರಿ ಹಿರಿಯರು ಬಂದಿದ್ದರು. ಎಪ್ಪತ್ತರ ಹತ್ತಿರ, ತೆಳ್ಳಗೆ, ಒಂದು ಕಣ್ಣಲ್ಲಿ ಪೊರೆ. ಹೆಸರು ಅಬು ಜಾಸಿಮ್. ಒಂದು ತುಂಡನ್ನು ಎತ್ತಿ ತುಂಬಾ ಹೊತ್ತು ನೋಡಿದರು. ಅವರ ಅರಬ್ಬಿ, ನನ್ನ ಹಿಂದಿ, ಎರಡೂ ಸೇರಿದ ಭಾಷೆಯಲ್ಲಿ ನಮ್ಮ ಮಾತು.

"ಈ ಹಡಗಿಗೆ ಗಾಳಿ ಎಲ್ಲಿಂದ ಬರುತ್ತಿದೆ?"

"ಹಿಂದಿನಿಂದ" ಎಂದೆ.

"ಹಾಗಾದರೆ ಬಾವುಟಕ್ಕೆ?"

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಹಿಂದಿನಿಂದ ಗಾಳಿ ಬೀಸಿದರೆ ಬಾವುಟವೂ ಮುಂದಕ್ಕೇ ಹಾರಬೇಕು. ನಾನು ಮೋಟರ್ ಸೈಕಲ್ಲಿಗೆ ಕಟ್ಟಿದ ಬಾವುಟ ನೋಡಿ ಬೆಳೆದವನು. ಕಡಲ ದಂಡೆಯವನೇ ಆಗಿ ನಲವತ್ತು ಹಡಗುಗಳಿಗೂ ಎರಡು ಕಡೆಯಿಂದ ಗಾಳಿ ಬೀಸಿದ್ದೆ. ಅಬು ಜಾಸಿಮ್ ನಕ್ಕರು, ಆದರೆ ಹಂಗಿಸಲಿಲ್ಲ. ಅವರ ಅಜ್ಜ ಕಡಲಿನಿಂದ ಮುತ್ತು ತೆಗೆಯುವ ಹಡಗಿನಲ್ಲಿದ್ದವರು. ಅಂದಿನಿಂದ ಯಾವುದೇ ಹಡಗು ಗೀರುವ ಮೊದಲು ಅವರಿಗೆ ತೋರಿಸುತ್ತಿದ್ದೆ. ಅವರು ನನ್ನನ್ನು "ಉಸ್ತಾದ್ ಫಾಸು" ಎಂದು ಕರೆಯುತ್ತಿದ್ದರು. ವಾಸು ಎಂಬುದು ಅವರ ನಾಲಿಗೆಗೆ ಬರುತ್ತಿರಲಿಲ್ಲ.

ದಂತದ ವಿಷಯವನ್ನೂ ಹೇಳಿಬಿಡುತ್ತೇನೆ, ಹೊಸಬರು ಅದನ್ನೇ ಹೆಚ್ಚು ಕೇಳುತ್ತಾರೆ. ಆನೆಯ ದಂತ ನಾವು ಕೊಳ್ಳುತ್ತಿರಲಿಲ್ಲ. ಎಂದೋ ಅಳಿದುಹೋದ ಮ್ಯಾಮತ್ ಆನೆಯ, ಹಿಮದಡಿಯಲ್ಲಿ ಹೂತು ಸಿಗುವ ದಂತ ಕಾಗದಪತ್ರದೊಂದಿಗೆ ಬಂದರೆ ಮಾತ್ರ ಮುಟ್ಟುತ್ತಿದ್ದೆವು. ಎರಡನ್ನೂ ಅಡ್ಡ ಕೊಯ್ದು ನೋಡಿದರೆ ಬಲೆಯಂತೆ ಗೆರೆಗಳು ಕಾಣುತ್ತವೆ. ಗೆರೆಗಳು ಅಗಲವಾದ ಕೋನದಲ್ಲಿ ಒಂದನ್ನೊಂದು ದಾಟಿದರೆ ಈಗಿನ ಆನೆ, ಚೂಪಾದ ಕೋನದಲ್ಲಿ ದಾಟಿದರೆ ಮ್ಯಾಮತ್. ಎಲುಬಿನಲ್ಲಿ ಗೆರೆಯ ಬದಲು ಸಣ್ಣ ಕಪ್ಪು ಚುಕ್ಕಿಗಳು. ಪ್ಲಾಸ್ಟಿಕ್ಕಿನಲ್ಲಿ ಏನೂ ಇರುವುದಿಲ್ಲ, ಇಲ್ಲವೆ ಅಚ್ಚಿನಲ್ಲಿ ಮೂಡಿದ ಗೆರೆ ಇರುತ್ತದೆ. ಹೇಳುವಾಗ ಎಷ್ಟು ಸುಲಭ! ಒಮ್ಮೆ ಒಬ್ಬ ಗಿರಾಕಿ ಕಾಗದಪತ್ರದ ಸಮೇತ ಒಂದು ತುಂಡು ತಂದ. ಕಾಗದದಲ್ಲಿ ಮ್ಯಾಮತ್, ಗೆರೆಯಲ್ಲಿ ನನಗೆ ಕಂಡದ್ದು ಆನೆ. ಹಸನಾಕನಿಗೆ ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಮ್ಯಾಮತ್ ಕಂಡಿತು. "ಮಾಫಿ, ನಮಗೆ ಬೇಡ" ಎಂದು ವಾಪಸ್ ಕಳಿಸಿದೆವು. ಅನುಮಾನ ಬಂದರೆ ಮುಟ್ಟಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ನಾನೇ ಇದನ್ನು ಪಾಲಿಸಲಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಒಂದು ದಿನ ಅಬು ಜಾಸಿಮ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು ತಂದು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ ಒಂದು ಗೇಣಿನಷ್ಟು ಉದ್ದದ ತಿಮಿಂಗಿಲದ ಹಲ್ಲು. ಹಳದಿ ತಿರುಗಿದ ಬಣ್ಣ, ಸ್ವಲ್ಪ ಬಾಗಿದ ಮೈ, ಬುಡದಲ್ಲಿ ಟೊಳ್ಳು. ಮೈಮೇಲೆ ಒಂದು ಹಾಯಿಹಡಗು, ಅದರಡಿ ಅರಬ್ಬಿಯಲ್ಲಿ ಒಂದು ಹೆಸರು. ಹಡಗು ಸ್ಪಷ್ಟವಾಗಿತ್ತು, ಹೆಸರು ಸವೆದಿತ್ತು. ಅಜ್ಜ ಆಫ್ರಿಕದ ದಂಡೆಗೆ ಹೋಗಿದ್ದಾಗ ಸಿಕ್ಕಿದ್ದು, ದಾರಿಯಲ್ಲಿ ಅವರೇ ಗೀರಿದ್ದು ಎಂದು ಮನೆಯಲ್ಲಿ ಹೇಳಿಕೊಂಡು ಬಂದ ಕಥೆ.

"ಅಜ್ಜನ ಹೆಸರು ಓದಲಾಗುತ್ತಿಲ್ಲ. ಮೇಲಿಂದ ಮತ್ತೆ ಗೀರು, ಶಾಯಿ ತುಂಬು. ಬೇರೇನೂ ಮುಟ್ಟಬೇಡ."

ಮಾರಾಟಕ್ಕಲ್ಲ, ಮನೆಯ ಸ್ವತ್ತಿನ ರಿಪೇರಿ. ಹಾಗಾಗಿ ಒಪ್ಪಿಕೊಂಡೆ. ಒಪ್ಪಬಹುದಿತ್ತೋ ಇಲ್ಲವೋ, ಅದೂ ನನಗೆ ಪೂರ್ತಿ ಗೊತ್ತಿರಲಿಲ್ಲ. ಕೇಳೋಣವೆಂದರೆ ಹಸನಾಕ ರಜೆಯ ಮೇಲೆ ಬಂಟ್ವಾಳಕ್ಕೆ ಹೋಗಿದ್ದರು.

ಹೊಸ ವಸ್ತು ಬಂದಾಗ ಮೊದಲು ಪರೀಕ್ಷೆ ಮಾಡುವುದು ಅಂಗಡಿಯ ಪದ್ಧತಿ. ನೇರಳೆ ಬೆಳಕಿನ ಲ್ಯಾಂಪು ಇತ್ತು. ಅದರಡಿ ನಿಜವಾದ ಹಲ್ಲು ಒಂದು ರೀತಿ ಹೊಳೆಯುತ್ತದೆ, ಪ್ಲಾಸ್ಟಿಕ್ ಇನ್ನೊಂದು ರೀತಿ. ಆದರೆ ಲ್ಯಾಂಪಿನ ಬಲ್ಬು ಸುಟ್ಟುಹೋಗಿತ್ತು. ಉಳಿದದ್ದು ಬಿಸಿ ಸೂಜಿ. ಕಾಯಿಸಿದ ಸೂಜಿಯನ್ನು ಯಾರಿಗೂ ಕಾಣದ ಜಾಗದಲ್ಲಿ ಒತ್ತಿದರೆ ಹಲ್ಲು, ಎಲುಬು ಕೂದಲು ಸುಟ್ಟ ವಾಸನೆ ಕೊಡುತ್ತವೆ, ಸೂಜಿ ಒಳಗೆ ಇಳಿಯುವುದಿಲ್ಲ. ಪ್ಲಾಸ್ಟಿಕ್ ಕರಗುತ್ತದೆ, ಬೇರೆ ವಾಸನೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಆ ಹೊತ್ತಿಗೆ ನನ್ನ ಮೂಗು ಸತ್ತಿತ್ತು. ವರ್ಷಗಟ್ಟಲೆ ಎಲುಬಿನ ಧೂಳು ಕುಡಿದದ್ದು. ಮಾಸ್ಕ್ ಕೊಟ್ಟರೂ ಸೆಕೆಗೆ ಕೊರಳಿಗೆ ಇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಮನೆಯಲ್ಲಿ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾದರೂ ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಹೆಂಡತಿ ಲಲಿತಾ ಓಡಿ ಬಂದು, "ಮೂಗು ಎಲ್ಲಿಟ್ಟು ಬಂದಿದ್ದೀರಿ?" ಎಂದಳು. ಆಗ ಗೊತ್ತಾದದ್ದು. ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ವಾಸನೆ ಹಿಡಿಯಲಾಗದ ಉಸ್ತಾದನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಭಯ.

ಹಲ್ಲಿನ ಬುಡದಲ್ಲಿ, ಟೊಳ್ಳಿನ ಅಂಚಿನಲ್ಲಿ ಸೂಜಿ ಒತ್ತಿದೆ. ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಹಳೆಯ ಅಭ್ಯಾಸದಿಂದ ಮೂಗಿನ ಬಳಿ ಹಿಡಿದೆ, ಏನೂ ಇಲ್ಲ. ನೆಲ ಗುಡಿಸುತ್ತಿದ್ದ ನೇಪಾಳಿ ಬಹಾದೂರನನ್ನು ಕರೆದು, "ಇದು ಎಂಥ ವಾಸನೆ ನೋಡು" ಎಂದೆ.

ಅವನು ಮೂಸಿದ. "ಪೂಜೆ ಮನೆ ವಾಸನೆ ಸಾಬ್. ಧೂಪ ಹಾಕಿದ ಹಾಗೆ."

"ಕೂದಲು ಸುಟ್ಟ ಹಾಗೆ ಇಲ್ವಾ?"

"ಇಲ್ಲ ಸಾಬ್. ಧೂಪ."

ಧೂಪವೆಂದರೇನು ಎಂದು ನಾನು ಯೋಚಿಸಲೇ ಇಲ್ಲ. ಕೂದಲಲ್ಲ, ಸೂಜಿ ಇಳಿಯಿತು. ಅಂದ ಮೇಲೆ ಪ್ಲಾಸ್ಟಿಕ್ ಎಂದು ತೀರ್ಮಾನಿಸಿದೆ.

ಮಾರನೆಯ ದಿನ ಅಬು ಜಾಸಿಮ್ ಬಂದಾಗ ಸತ್ಯ ಹೇಳುವುದೇ ಮರ್ಯಾದೆ ಎಂದುಕೊಂಡು ಹೇಳಿಬಿಟ್ಟೆ. "ಬಾಬಾ, ಇದು ಹಲ್ಲಲ್ಲ. ಪ್ಲಾಸ್ಟಿಕ್. ಅಚ್ಚಿನಲ್ಲಿ ಹೊಯ್ದದ್ದು."

ಅವರು ಕೂತಲ್ಲೇ ಕೂತರು. ಹಲ್ಲನ್ನು ಕೈಯಲ್ಲಿ ತಿರುಗಿಸಿ, ಸೂಜಿಯ ತೂತನ್ನು ಹೆಬ್ಬೆರಳಿನಿಂದ ಮುಟ್ಟಿದರು.

"ಖಚಿತವೇ?"

"ಖಚಿತ" ಎಂದೆ. ಯಾಕೆ ಹಾಗೆಂದೆ? ಬಾವುಟದ ವಿಷಯದಲ್ಲಿ ಅವರೆದುರು ಸಣ್ಣವನಾದದ್ದು ಎಲ್ಲೋ ಉಳಿದಿತ್ತೇ? ಗೊತ್ತಿಲ್ಲ. ಅವರು ಹಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ನಾನು ಪ್ರಾಮಾಣಿಕ ಕೆಲಸ ಮಾಡಿದೆನೆಂದು ಸಮಾಧಾನಪಟ್ಟುಕೊಂಡೆ.

ಹತ್ತು ದಿನದ ಮೇಲೆ ಹಸನಾಕ ಊರಿನಿಂದ ಬಂದರು. ಹಲಸಿನ ಹಪ್ಪಳದ ಕಟ್ಟು ನನ್ನ ಕೈಗಿಡುವಾಗ ನಾನು ವಿಷಯ ಹೇಳಿದೆ. ಅವರು ಕಟ್ಟನ್ನು ಮೇಜಿನ ಮೇಲಿಟ್ಟರು.

"ಪ್ಲಾಸ್ಟಿಕ್ ಅಂತ ಹೇಳಿದ್ಯಾ? ಅವರ ಮುಖಕ್ಕೇ?"

"ಸೂಜಿ ಇಳೀತು ಹಸನಾಕ."

ಅವರು ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು. ಅಬು ಜಾಸಿಮರಿಗೆ ಒಬ್ಬ ತಮ್ಮ, ಅಬು ರಾಶಿದ್. ತಂದೆ ತೀರಿಕೊಂಡಾಗ ಹಲ್ಲು ಅಣ್ಣನ ಮನೆಯಲ್ಲಿ ಉಳಿಯಿತು. ಒಂಬತ್ತು ವರ್ಷದ ಹಿಂದೆ, ನಾನು ರಜೆಯಲ್ಲಿ ಊರಿಗೆ ಹೋಗಿದ್ದಾಗ, ತಮ್ಮ ಅದನ್ನು ಫೋಟೋ ತೆಗೆಸಲೆಂದು ಒಂದು ವಾರಕ್ಕೆ ತಂದು, ಇದೇ ಅಂಗಡಿಯಲ್ಲಿ ಹಸನಾಕನಿಂದ ಅಚ್ಚು ತೆಗೆಸಿ ಒಂದು ನಕಲು ಮಾಡಿಸಿಕೊಂಡಿದ್ದರು. ತನಗೂ ಅಜ್ಜನ ನೆನಪಿಗೆ ಒಂದು ಇರಲಿ ಎಂದು. ಅಣ್ಣನಿಗೆ ಹೇಳಿರಲಿಲ್ಲ. ಅದೇ ಸುಮಾರಿಗೆ ಬೇರಾವುದೋ ಮಾತಿಗೆ ಇಬ್ಬರಿಗೂ ಮನಸ್ತಾಪವಾಗಿ ಮಾತು ನಿಂತಿತ್ತು.

"ಎರಡನ್ನೂ ತಮ್ಮನ ಕೈಗೇ ಕೊಟ್ಟದ್ದು ನಾನು. ಅಸಲಿ ಯಾವುದು ಅಂತ ತೋರಿಸಿಯೇ ಕೊಟ್ಟೆ. ಅಸಲಿಯನ್ನೇ ಅಣ್ಣನಿಗೆ ವಾಪಸ್ ಕೊಟ್ಟಿರ್ತಾರೆ, ಒಳ್ಳೆ ಮನುಷ್ಯ. ಆದರೆ ನೀನು ಹೀಗೆ ಹೇಳಿದ ಮೇಲೆ…"

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಅಣ್ಣನ ಹತ್ತಿರ ಇದ್ದದ್ದು ನಕಲಾದರೆ ತಮ್ಮ ಕಳ್ಳ.

"ನಿಮ್ಮ ಲೆಕ್ಕದಲ್ಲಿ ಅದು ಅಸಲಿಯೇ?"

"ನೋಡದೆ ನಾನೆಂತ ಹೇಳುದು? ಸೂಜಿ ಇಳೀತು ಅಂತೀಯಲ್ಲ. ವಾಸನೆ ಹೇಗಿತ್ತು?"

ಆಗ ಹೇಳಲೇಬೇಕಾಯಿತು. "ನನಗೆ ವಾಸನೆ ಬರೂದಿಲ್ಲ ಹಸನಾಕ. ಮೂರು ವರ್ಷ ಆಯ್ತು."

ಅವರು ನನ್ನನ್ನು ದಿಟ್ಟಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಹಪ್ಪಳದ ಕಟ್ಟನ್ನು ನನ್ನ ಮೇಜಿನ ಮೇಲೇ ಬಿಟ್ಟು ಎದ್ದು ಹೋದರು. ಮಧ್ಯಾಹ್ನದೊಳಗೆ ಲ್ಯಾಂಪಿಗೆ ಹೊಸ ಬಲ್ಬು ತಂದು ಹಾಕಿದರು.

ಆ ವಾರವೇ, ಒಂದು ಬೆಳಿಗ್ಗೆ, ಅಣ್ಣತಮ್ಮ ಇಬ್ಬರೂ ಅಂಗಡಿಗೆ ಬಂದರು. ಅಣ್ಣ ಹೋಗಿ ಕೇಳಿದಾಗ, ನಕಲು ಮಾಡಿಸಿದ್ದನ್ನು ತಮ್ಮ ಆಗಲೇ ಒಪ್ಪಿಕೊಂಡಿದ್ದರಂತೆ. ಬೇರೆ ಬೇರೆ ಕಾರಿನಲ್ಲಿ. ಅಬು ರಾಶಿದ್ ಅಣ್ಣನಿಗಿಂತ ದಪ್ಪ, ಊರುಗೋಲು ಹಿಡಿದಿದ್ದರು. ಇಬ್ಬರೂ ತಮ್ಮ ತಮ್ಮ ಹಲ್ಲನ್ನು ಮೇಜಿನ ಮೇಲಿಟ್ಟರು. ಎರಡೂ ಒಂದೇ ಬಣ್ಣ, ಒಂದೇ ಹಡಗು, ಸವೆದ ಒಂದೇ ಹೆಸರು. ಹಸನಾಕ ಅಷ್ಟು ಚೆನ್ನಾಗಿ ಮಾಡಿದ್ದರು. ಅಣ್ಣನದಕ್ಕೆ ಬುಡದಲ್ಲಿ ನನ್ನ ಸೂಜಿಯ ತೂತಿತ್ತು, ಅಷ್ಟೇ ವ್ಯತ್ಯಾಸ.

ಹಸನಾಕ ಲ್ಯಾಂಪಿನ ಸ್ವಿಚ್ಚಿಗೆ ಕೈ ಹಾಕಿದರು. ಅಬು ರಾಶಿದ್ ಊರುಗೋಲು ಎತ್ತಿ ತಡೆದರು. ತಗ್ಗಿದ ದನಿಯಲ್ಲಿ ಅಣ್ಣನಿಗೇ ಹೇಳಿದರು: "ಅಸಲಿಯನ್ನೇ ನಿನಗೆ ಕೊಟ್ಟಿದ್ದೇನೆ ಎಂದು ಹೇಳಿದೆ. ನನ್ನ ಮಾತು ನಂಬುವುದಾದರೆ ದೀಪ ಯಾಕೆ? ನಂಬುವುದಿಲ್ಲ ಎಂದಾದರೆ ದೀಪ ಹಚ್ಚು. ಆಮೇಲೆ ಸಾಯುವವರೆಗೂ ನಾನು ನಿನ್ನ ಮನೆಗೆ ಬರುವುದಿಲ್ಲ."

ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುವ ಸದ್ದು. ಅಬು ಜಾಸಿಮ್ ತಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಉಸ್ತಾದ್ ಫಾಸು, ಎರಡರ ಮೇಲೂ ಹೆಸರು ಗೀರು. ಆ ಇನ್ನೊಂದಕ್ಕೂ ಅದೇ ಜಾಗದಲ್ಲಿ ಅಂಥದೇ ತೂತು ಹಾಕು. ದೀಪ ಬೇಡ."

ಅವರು ಎದುರಿನ ಬೆಂಚಿನಲ್ಲಿ ಕೂತರು, ತಮ್ಮ ಇನ್ನೊಂದು ತುದಿಯಲ್ಲಿ. ನಾನು ಸೂಜಿ ಹಿಡಿದೆ. ಮೊದಲು ಅಣ್ಣ ತಂದ ಹಲ್ಲು. ಹೆಸರಿನ ಮೊದಲ ಅಕ್ಷರದ ಮೇಲೆ ಸೂಜಿ ಎಳೆದಾಗ ಹಿಟ್ಟಿನಂಥ ಬಿಳಿ ಪುಡಿ ಎದ್ದಿತು. ಪ್ಲಾಸ್ಟಿಕ್ ಯಾವತ್ತೂ ಪುಡಿ ಕೊಡುವುದಿಲ್ಲ, ಸುರುಳಿ ಸುರುಳಿಯಾಗಿ ಏಳುತ್ತದೆ. ಹಲ್ಲನ್ನು ತಿರುಗಿಸಿ ಬುಡದ ತೂತನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಲ್ಲಿ ಹಿಂದೆ ಯಾವಾಗಲೋ ಒಂದು ಬಿರುಕು ಬಿಟ್ಟಿತ್ತು. ಅದಕ್ಕೆ ಯಾರೋ ಅರಗು ತುಂಬಿದ್ದರು, ನಮ್ಮ ದೊಡ್ಡಪ್ಪ ಹಿಡಿಗಳಿಗೆ ತುಂಬುತ್ತಿದ್ದಂಥ ಅರಗು. ನನ್ನ ಸೂಜಿ ಇಳಿದದ್ದು ಆ ಅರಗಿನೊಳಗೆ. ಧೂಪದ ವಾಸನೆ ಅದರದ್ದೇ. ಮೂಗಿದ್ದರೆ ಹುಟ್ಟಿದಂದಿನಿಂದ ಬಲ್ಲ ಆ ವಾಸನೆಯನ್ನು ಆ ಕ್ಷಣವೇ ಗುರುತಿಸುತ್ತಿದ್ದೆ.

ತಮ್ಮನ ಹಲ್ಲಿಗೆ ಸೂಜಿ ತಾಗಿಸಿದಾಗ ಸಣ್ಣ ಸುರುಳಿ ಎದ್ದಿತು. ತಮ್ಮ ಹೇಳಿದ್ದು ನಿಜ. ಅವರು ಕಳ್ಳರಲ್ಲ.

ಬೆವರು ಒರೆಸಿಕೊಂಡು ಬಾಯಿ ತೆರೆದೆ: "ಬಾಬಾ, ನಾನು ಅವತ್ತು ಹೇಳಿದ್ದು…"

ಅಬು ಜಾಸಿಮ್ ಅಂಗೈ ಎತ್ತಿದರು. "ಖಲಾಸ್. ಕೆಲಸ ಮಾಡು."

ಹಸನಾಕ ನನ್ನ ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲಿ, "ಸುಮ್ಮನಿರು ವಾಸು" ಎಂದರು. ಸುಮ್ಮನಾದೆ. ಹೆಸರು ಗೀರಿದೆ, ಶಾಯಿ ತಿಕ್ಕಿದೆ, ಒರೆಸಿದೆ. ಇನ್ನೊಂದಕ್ಕೂ ಸೂಜಿ ಕಾಯಿಸಿ ತೂತು ಹಾಕಿದೆ. ಕೊನೆಗೆ ಎರಡನ್ನೂ ಒಂದೇ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟೆ. ಎಡಗಡೆಯದು ಅಸಲಿ, ಬಲಗಡೆಯದು ನಕಲು. ಆ ಕೋಣೆಯಲ್ಲಿ ಖಚಿತವಾಗಿ ಗೊತ್ತಿದ್ದದ್ದು ನನಗೊಬ್ಬನಿಗೇ ಎಂದು ಅಂದುಕೊಂಡೆ.

ಅಬು ಜಾಸಿಮ್ ಮೇಜಿನ ಬಳಿ ಬಂದರು. ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿದರು. ಹೆಬ್ಬೆರಳಿನಿಂದ ಬುಡದಿಂದ ತುದಿಯವರೆಗೆ ಸವರಿದರು, ನಿಧಾನವಾಗಿ. ಆಮೇಲೆ ನಕಲನ್ನು ತಾವು ತಂದಿದ್ದ ಬಟ್ಟೆಯಲ್ಲಿ ಸುತ್ತಿಕೊಂಡು, ಅಸಲಿಯನ್ನು ತಮ್ಮನ ಕೈಗಿತ್ತರು. ಅಬು ರಾಶಿದ್ ನೋಡದೆಯೇ ಜೇಬಿಗಿಳಿಸಿದರು. ಹೊರಗೆ ಹೋಗುವಾಗ ಅಣ್ಣ ತಮ್ಮನ ಊರುಗೋಲಿಲ್ಲದ ಕೈ ಹಿಡಿದುಕೊಂಡಿದ್ದರು. ಇಬ್ಬರೂ ಒಂದೇ ಕಾರಿನಲ್ಲಿ ಹೋದರು. ತಮ್ಮನ ಕಾರು ಸಂಜೆಯವರೆಗೂ ನಮ್ಮ ಗಲ್ಲಿಯಲ್ಲೇ ನಿಂತಿತ್ತು.

ಇದರ ಅರ್ಥವೇನು ಎಂದು ಹಸನಾಕನೂ ನಾನೂ ವರ್ಷಗಟ್ಟಲೆ ವಾದ ಮಾಡಿದ್ದೇವೆ. ಅರವತ್ತು ವರ್ಷ ಮುಟ್ಟಿ ನೋಡಿದ ವಸ್ತು ಕೈಗೆ ತಿಳಿಯದೇ ಇರುತ್ತದೆಯೇ, ಗೊತ್ತಿದ್ದೇ ಅಸಲಿಯನ್ನು ತಮ್ಮನಿಗೆ ಕೊಟ್ಟರು, ಅನುಮಾನಪಟ್ಟದ್ದಕ್ಕೆ ಕ್ಷಮೆ ಕೇಳಿದ ರೀತಿ ಅದು ಎಂದು ಹಸನಾಕ. ನನಗೆ ಒಮ್ಮೊಮ್ಮೆ ಹಾಗೇ ಅನಿಸುತ್ತದೆ. ಒಮ್ಮೊಮ್ಮೆ ಬೇರೆ ಅನಿಸುತ್ತದೆ. ಅಬು ಜಾಸಿಮ್ ಕೊನೆಯವರೆಗೂ ನನ್ನ ಮೊದಲ ಮಾತನ್ನೇ ನಂಬಿದ್ದರು. ತನ್ನದು ಪ್ಲಾಸ್ಟಿಕ್, ತಮ್ಮನದೇ ಅಸಲಿ ಎಂದುಕೊಂಡು, ಬಾಯಲ್ಲಿ ಒಪ್ಪಂದ ಮಾಡಿಕೊಂಡು, ಕೈಯಲ್ಲಿ ತಮ್ಮನದನ್ನು ಎತ್ತಿಕೊಂಡರು. ಕೊಟ್ಟದ್ದೋ ಕಸಿದದ್ದೋ, ನೋಡುವವನಿಗೆ ಎರಡೂ ಒಂದೇ ಥರ ಕಂಡವು. ಪೊರೆ ಬಂದ ಕಣ್ಣು, ಹೊಸ ಶಾಯಿ. ಬರೀ ಅದಲುಬದಲೂ ಆಗಿರಬಹುದು.

ಆ ಘಟನೆಯ ನಂತರ ನನ್ನ ಮೂಗಿನ ವಿಷಯ ಮಾಲೀಕರಿಗೆ ನಾನೇ ಹೇಳಿದೆ. ಕೆಲಸ ಹೋಗಲಿಲ್ಲ. ಪರೀಕ್ಷೆಯ ಕೆಲಸದಿಂದ ತೆಗೆದು ಗೀರುವ ಕೆಲಸಕ್ಕಷ್ಟೇ ಇಟ್ಟರು. ಧೂಳು ಎಳೆಯುವ ಯಂತ್ರವೂ ಬಂತು. ಹೊಸಬರೇ, ಮಾಸ್ಕನ್ನು ಮೂಗಿನ ಮೇಲೆ ಹಾಕಿ.

ನಾನು ನಿವೃತ್ತನಾದ ವರ್ಷ ಅಬು ಜಾಸಿಮ್ ತೀರಿಕೊಂಡರು. ಸಂತಾಪ ಹೇಳಲು ಅವರ ಮನೆಯ ಮಜ್ಲಿಸಿಗೆ, ಅತಿಥಿಗಳು ಕೂರುವ ಕೋಣೆಗೆ, ಹೋದೆ. ಬಂದವರ ನಡುವೆ ಅಬು ರಾಶಿದ್ ಕೂತಿದ್ದರು. ನನ್ನನ್ನು ಗುರುತಿಸಿ ಪಕ್ಕದಲ್ಲಿ ಕೂರಿಸಿಕೊಂಡು, ತಾವೇ ಕಾಫಿ ಹೂಜಿಯನ್ನು, ಇಲ್ಲಿಯವರ ದಲ್ಲೆಯನ್ನು, ಎತ್ತಿ ಸಣ್ಣ ಫಿಂಜಾನ್‌ಗೆ ಕಾಫಿ ಸುರಿದರು. ಆ ದಿನದ ನಂತರ ಅಣ್ಣ ಪ್ರತಿ ಶುಕ್ರವಾರ ತಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರೆಂದು ಹೇಳಿದರು.

ಇನ್ನು ಮುಚ್ಚಿಡುವುದು ಬೇಡ ಅನಿಸಿತು. ಈ ಮನುಷ್ಯನನ್ನು ಹತ್ತು ಹದಿನೈದು ದಿನ ಕಳ್ಳನನ್ನಾಗಿ ಮಾಡಿದವನು ನಾನು.

"ಹಲ್ಲಿನ ವಿಷಯ" ಎಂದೆ. "ಅವತ್ತು ನಾನು ಮೊದಲು ಹೇಳಿದ್ದು ತಪ್ಪು. ನೀವು ಹೇಳಿದ್ದೇ ಸರಿ, ಅಣ್ಣನ ಹತ್ತಿರ ಇದ್ದದ್ದೇ ಅಸಲಿ. ಗೀರುವಾಗ ನನಗೆ ಗೊತ್ತಾಯಿತು. ಆದರೆ ಹೋಗುವಾಗ ಅವರು ಅದನ್ನು ನಿಮಗೆ ಕೊಟ್ಟರು. ಈಗ ನಿಮ್ಮ ಮನೆಯಲ್ಲಿರುವುದು ಅಜ್ಜನದ್ದು."

ಅಬು ರಾಶಿದ್ ದಲ್ಲೆಯನ್ನು ಕೆಳಗಿಟ್ಟರು.

"ಇಲ್ಲ. ನನ್ನ ಅಣ್ಣನ ಕೈ ತಪ್ಪುವುದಿಲ್ಲ. ಅವನದ್ದನ್ನು ಅವನು ತೆಗೆದುಕೊಂಡ, ನನ್ನದನ್ನು ನನಗೆ ಕೊಟ್ಟ. ನನ್ನ ಹತ್ತಿರ ಇರುವುದು ನಕಲು."

"ನಾನು ಕಣ್ಣಾರೆ ನೋಡಿದ್ದೇನೆ."

"ಖಚಿತವೇ?" ಎಂದು ಕೇಳಿದರು. ಅಣ್ಣ ಕೇಳಿದ್ದ ಅದೇ ಮಾತು, ಹೆಚ್ಚುಕಡಿಮೆ ಅದೇ ದನಿ. ಖಚಿತ ಎನ್ನಲು ಹೊರಟವನು ತಲೆ ತಗ್ಗಿಸಿ ಫಿಂಜಾನನ್ನು ಕೈಯಲ್ಲಿ ತಿರುಗಿಸಿದೆ. ಅವರು ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು.

"ಒಂಬತ್ತು ವರ್ಷ ನಕಲು ಇಟ್ಟುಕೊಂಡು ಅಣ್ಣನ ಮೇಲೆ ಸಿಟ್ಟಾಗಿದ್ದೆ. ಈಗಲೂ ಅದೇ ನಕಲು ಇಟ್ಟುಕೊಂಡಿದ್ದೇನೆ, ಸಿಟ್ಟಿಲ್ಲ. ನನ್ನನ್ನು ಗೊಂದಲಕ್ಕೆ ಹಾಕಬೇಡ, ಉಸ್ತಾದ್. ಕಾಫಿ ಕುಡಿ."

ಕುಡಿದೆ. ಸಾಕು ಎಂದು ತಿಳಿಸಲು ಫಿಂಜಾನನ್ನು ಸ್ವಲ್ಪ ಅಲುಗಿಸಿ ಕೊಡಬೇಕು. ಇಪ್ಪತ್ತೇಳು ವರ್ಷ ಈ ಊರಿನಲ್ಲಿದ್ದವನಿಗೆ ಅದು ಗೊತ್ತು. ಆ ದಿನ ನೆನಪಾಗಲಿಲ್ಲ. ಖಾಲಿಯಾದ ಹಾಗೆಲ್ಲ ಕೈ ಚಾಚಿದೆ, ಅವರು ಮತ್ತೆ ಮತ್ತೆ ತುಂಬಿಸುತ್ತಲೇ ಹೋದರು.